ಜಿಎಲ್‌ಆರ್ ಸರಿಪಡಿಸದೆ ಕ್ಯಾಂಪ್ ಒಪ್ಪಿಸಬೇಡಿ: ರಕ್ಷಣಾ ಆಸ್ತಿಗಳ ಮಹಾನಿರ್ದೇಶಕರಿಗೆ ಬಹಿರಂಗ ಪತ್ರ

ಗೆ,
ಮಹಾನಿರ್ದೇಶಕರು,
ರಕ್ಷಣಾ ಆಸ್ತಿಗಳ ಮಹಾನಿರ್ದೇಶನಾಲಯ,
ರಕ್ಷಾ ಸಂಪದಾ ಭವನ, ದೆಹಲಿ ಕಂಟೋನ್ಮೆಂಟ್

ವಿಷಯ: ದಂಡು ಪ್ರದೇಶಗಳ (ಕಂಟೋನ್ಮೆಂಟ್) ನಾಗರಿಕ ಭಾಗವನ್ನು ಸ್ಥಳೀಯ ಸಂಸ್ಥೆಗಳಿಗೆ ಸೇರಿಸುವ ಮುನ್ನ ಭೂದಾಖಲೆ (ಜಿಎಲ್‌ಆರ್), ಮ್ಯುಟೇಷನ್ (ದಾಖಲೆಯಲ್ಲಿ ಹೆಸರು ಬದಲಾವಣೆ) ಮತ್ತು ಲೀಸು ಪ್ರಕರಣಗಳನ್ನು ಇತ್ಯರ್ಥಪಡಿಸುವ ಬಗ್ಗೆ

ಮಾನ್ಯರೇ,

ಬೆಳಗಾವಿ ಕ್ಯಾಂಪಿನ, ಅಂದರೆ ಇಲ್ಲಿನ ದಂಡು ಪ್ರದೇಶದ, ನಾಗರಿಕ ಭಾಗ ಮಹಾನಗರ ಪಾಲಿಕೆಗೆ ಸೇರಬೇಕೇ, ಬೇಡವೇ ಎಂಬ ಚರ್ಚೆ ಕೆಲವು ವರ್ಷಗಳಿಂದ ನಡೆದೇ ಇದೆ. ಆ ಚರ್ಚೆಗೆ ಇನ್ನೊಂದು ದನಿ ಸೇರಿಸಲು ನಾವು ಬರೆಯುತ್ತಿಲ್ಲ. ಸೇರಿಸುವುದಾದರೆ ಸೇರಿಸಿ, ಬಿಡುವುದಾದರೆ ಬಿಡಿ. ನಮ್ಮ ತಕರಾರು ಕ್ರಮದ ಬಗ್ಗೆ. ಗಡಿ ಮೊದಲು ಬದಲಾಗಲಿ, ದಾಖಲೆಯನ್ನು ಆಮೇಲೆ ನೋಡಿಕೊಳ್ಳೋಣ ಎಂಬ ಧೋರಣೆಯಿಂದ ಏನೇನು ಕೆಡುತ್ತದೆ ಎಂಬುದನ್ನು ಕ್ಯಾಂಪಿನ ಆಸ್ತಿ ಕಾಗದ ಓದುವ, ಅರ್ಜಿ ಬರೆದುಕೊಡುವ, ನಕಾಶೆ ಹಿಡಿದು ಅಳೆಯುವ ಕೆಲಸದಲ್ಲಿರುವ ನಾವು ತಮ್ಮ ಗಮನಕ್ಕೆ ತರುವುದು ಅಗತ್ಯ ಎನಿಸಿತು.

ತಮ್ಮ ಇಲಾಖೆಯ ಹೊಣೆ ಎಷ್ಟು ದೊಡ್ಡದು ಎಂಬ ಅಂದಾಜು ಹೊರಗಿನವರಿಗೆ ಕಡಿಮೆ. 1926ರ ಡಿಸೆಂಬರ್ 16ರಂದು ಶುರುವಾದ ಇಲಾಖೆ ಇದು. ದೇಶದಲ್ಲಿ ಸುಮಾರು 17.99 ಲಕ್ಷ ಎಕರೆ ರಕ್ಷಣಾ ಭೂಮಿ ಇದೆ. ಅದರಲ್ಲಿ ದಂಡು ಪ್ರದೇಶಗಳ ಒಳಗಿರುವುದು ಬರೀ 1.61 ಲಕ್ಷ ಎಕರೆ. ಉಳಿದದ್ದು ಹೊರಗೆ, ತುಂಡುತುಂಡಾಗಿ ಹರಡಿದೆ. ಇಷ್ಟನ್ನೂ ನೋಡಿಕೊಳ್ಳುವುದು ಐಡಿಇಎಸ್ (ಭಾರತೀಯ ರಕ್ಷಣಾ ಆಸ್ತಿ ಸೇವೆ) ಎಂಬ ಪುಟ್ಟ ನಾಗರಿಕ ಸೇವೆ. ಐಎಎಸ್, ಐಪಿಎಸ್‌ಗೆ ಆಯ್ಕೆ ಮಾಡುವ ಅದೇ ಯುಪಿಎಸ್‌ಸಿ ಪರೀಕ್ಷೆಯಿಂದಲೇ ಈ ಸೇವೆಗೂ ಅಧಿಕಾರಿಗಳು ಬರುತ್ತಾರೆ. ಬೆಂಗಳೂರಿನ ವಿಜಯನಗರದ ಕೋಚಿಂಗ್ ಕೇಂದ್ರಗಳಲ್ಲಿ ಓದುವ ಹುಡುಗರು ಸೇವೆಗಳ ಆದ್ಯತಾ ಪಟ್ಟಿ ತುಂಬುವಾಗ ಇದನ್ನು ಎಲ್ಲೋ ಕೆಳಗೆ ಬರೆದು ಮರೆತುಬಿಡುವುದೇ ಹೆಚ್ಚು. ಅವರಿಗೆ ಯಾರಾದರೂ ಹೇಳಬೇಕು: ಪೌರಾಯುಕ್ತ, ತಹಶೀಲ್ದಾರ್, ನಗರ ಯೋಜಕ, ಎಸ್ಟೇಟ್ ಆಫೀಸರ್ ಈ ನಾಲ್ವರ ಕೆಲಸವೂ ಇಪ್ಪತ್ತೇಳು ಇಪ್ಪತ್ತೆಂಟರ ವಯಸ್ಸಿಗೆ ಒಬ್ಬರ ಮೇಜಿಗೇ ಬಂದು ಬೀಳುವ ನೌಕರಿ ಬೇರೆ ಇಲ್ಲ. ಕಂಟೋನ್ಮೆಂಟ್ ಮಂಡಳಿಯ ಸಿಇಒ (ಮುಖ್ಯ ಕಾರ್ಯನಿರ್ವಹಣಾಧಿಕಾರಿ) ಆದಾಗ ಕಸ, ನೀರು, ಶಾಲೆ, ಆಸ್ಪತ್ರೆ, ತೆರಿಗೆ, ಕಟ್ಟಡ ಪರವಾನಗಿ. ಡಿಇಒ (ರಕ್ಷಣಾ ಆಸ್ತಿ ಅಧಿಕಾರಿ) ಆದಾಗ ಲೀಸು, ಭೂಸ್ವಾಧೀನ, ಸೇನೆಗೆ ಬಾಡಿಗೆ ಜಾಗ ಹಿಡಿಯುವುದು, ಒತ್ತುವರಿ ತೆರವು, ಕೋರ್ಟು.

ಈ ಎರಡು ಕುರ್ಚಿಗಳ ನಡುವೆ ಇರುವುದು ಒಂದು ರಿಜಿಸ್ಟರು. ಜನರಲ್ ಲ್ಯಾಂಡ್ ರಿಜಿಸ್ಟರ್, ಎಲ್ಲರ ಬಾಯಲ್ಲಿ ಜಿಎಲ್‌ಆರ್. 1937ರ ಕಂಟೋನ್ಮೆಂಟ್ ಭೂ ಆಡಳಿತ ನಿಯಮಗಳ ಪ್ರಕಾರ ಇಡುವ ಪುಸ್ತಕ. ನಾಗರಿಕ ಪ್ರದೇಶದ ಜಿಎಲ್‌ಆರ್ ಸಿಇಒ ಬಳಿ, ಅದರಾಚೆಯ ಬಂಗಲೆ ಪ್ರದೇಶ ಮತ್ತು ಸೇನಾ ಜಾಗದ್ದು ಡಿಇಒ ಬಳಿ. ಪುಟ ತೆರೆದರೆ ಸರ್ವೆ ನಂಬರು, ಎಕರೆಯ ದಶಮಾಂಶದಲ್ಲಿ ವಿಸ್ತೀರ್ಣ, ಜಾಗದ ವಿವರಣೆ, ವರ್ಗ, ಯಾರ ನಿರ್ವಹಣೆ, ಭೂಮಾಲೀಕರು ಯಾರು, ಅನುಭೋಗದ ಹಕ್ಕುದಾರರು ಯಾರು, ಆ ಹಕ್ಕು ಯಾವ ಬಗೆಯದು, ಮ್ಯುಟೇಷನ್ ರಿಜಿಸ್ಟರಿನ ಸಂಪುಟ ಮತ್ತು ಪುಟ ಸಂಖ್ಯೆ ಎಲ್ಲವೂ ಸಾಲಾಗಿ ಸಿಗುತ್ತವೆ. ನಮ್ಮ ಪಹಣಿ ಅಥವಾ ಖಾತೆ ನೋಡಿ ಅಭ್ಯಾಸವಾದವರು ಮೊದಲು ಎಡವುವುದು ಇಲ್ಲೇ. ಭೂಮಾಲೀಕ ಮತ್ತು ಹಕ್ಕುದಾರ ಎಂದು ಎರಡು ಕಾಲಂ ಇವೆ. ಮೊದಲನೆಯದರಲ್ಲಿ ಭಾರತ ಸರ್ಕಾರ, ಎರಡನೆಯದರಲ್ಲಿ ಮನೆಯವರ ಅಜ್ಜನ ಹೆಸರು. ಮನೆ ನಮ್ಮದು, ಕೆಳಗಿನ ನೆಲ ನಮ್ಮದಲ್ಲ ಎಂಬ ಸಂಗತಿ ಎಷ್ಟೋ ಕುಟುಂಬಗಳಿಗೆ ಗೊತ್ತಾಗುವುದು ಬ್ಯಾಂಕು ಸಾಲ ನಿರಾಕರಿಸಿದ ದಿನ.

ವರ್ಗಗಳನ್ನೂ ಹೇಳಿಬಿಡುತ್ತೇವೆ, ಏಕೆಂದರೆ ವಿಲೀನದ ಸಭೆಗಳಲ್ಲಿ ಇವುಗಳ ಪ್ರಸ್ತಾಪವೇ ಬರುವುದಿಲ್ಲ. ಸೇನೆ ಬಳಸುತ್ತಿರುವುದು ಎ-1. ಸೇನೆಗೆಂದು ಖಾಲಿ ಉಳಿಸಿಕೊಂಡದ್ದು ಎ-2. ಕೇಂದ್ರದ ಬೇರೆ ಇಲಾಖೆಗಳದು ಬಿ-1, ರಾಜ್ಯ ಸರ್ಕಾರದ ಹತೋಟಿಯದು ಬಿ-2. ಲೀಸು ಅಥವಾ ಹಳೆಯ ಗ್ರಾಂಟಿನ ಮೇಲೆ ಖಾಸಗಿಯವರ ಅನುಭೋಗದಲ್ಲಿದ್ದು, ಕೊನೆಗೆ ಸರ್ಕಾರಕ್ಕೇ ಮರಳಬೇಕಾದದ್ದು ಬಿ-3. ಯಾವುದಕ್ಕೂ ಸೇರದ ಸರ್ಕಾರಿ ಜಾಗ ಬಿ-4. ರಸ್ತೆ, ಚರಂಡಿ, ಮಾರುಕಟ್ಟೆಯಂತೆ ಮಂಡಳಿಯಲ್ಲಿ ನಿಹಿತವಾದದ್ದು ಸಿ. ಪಾಲಿಕೆಗೆ ಸುಲಭವಾಗಿ ಹೋಗುವುದು ಸಿ ವರ್ಗ. ಜನ ವಾಸಿಸುವುದು ಬಿ-3ರಲ್ಲಿ. ತಕರಾರೆಲ್ಲ ಹುಟ್ಟುವುದೂ ಅಲ್ಲಿಯೇ.

ಹಳೆಯ ಗ್ರಾಂಟಿನ ಷರತ್ತುಗಳು ಕಂಪನಿ ಸರ್ಕಾರದ ಕಾಲದವು. ಬಂಗಾಳ ಸೇನೆಗೆ 1836ರಲ್ಲಿ ಹೊರಟ ಗವರ್ನರ್ ಜನರಲ್ ಆದೇಶ 179 ಇವುಗಳಲ್ಲಿ ಹೆಸರುವಾಸಿ. ಬಾಂಬೆ, ಮದ್ರಾಸ್ ಪ್ರಾಂತಗಳಿಗೆ ಅವುಗಳದೇ ಆದೇಶಗಳಿದ್ದವು. ತಿರುಳು ಒಂದೇ: ನೆಲ ಸರ್ಕಾರದ್ದು, ಕಟ್ಟಡ ಮಾತ್ರ ಕಟ್ಟಿಸಿದವರದು, ಬೇಕೆಂದಾಗ ಒಂದು ತಿಂಗಳ ನೋಟಿಸು ಕೊಟ್ಟು, ಅಧಿಕೃತವಾಗಿ ಕಟ್ಟಿದ ಭಾಗಕ್ಕೆ ಬೆಲೆ ತೆತ್ತು ಸರ್ಕಾರ ಜಾಗ ಹಿಂಪಡೆಯಬಹುದು. ಪರವಾನಗಿ ಇಲ್ಲದೆ ಕಟ್ಟಿದ್ದಕ್ಕೆ ಬೆಲೆಯಿಲ್ಲ. ಸೇನಾಧಿಕಾರಿಗಳು ಬಾಡಿಗೆಗಿರಲಿ ಎಂದು ವರ್ತಕರಿಗೆ ಜಾಗ ಕೊಟ್ಟ ಕಾಲಕ್ಕೆ ಇದು ಸರಿಯಾಗಿತ್ತು. ಐದನೇ ತಲೆಮಾರು ಅದೇ ಬಂಗಲೆಯಲ್ಲಿ ಬದುಕುತ್ತಿರುವಾಗಲೂ ಕಾನೂನಿನ ಸ್ಥಾನ ಅದೇ. ಜಿಎಲ್‌ಆರ್ ನಮೂದಿಗೆ ಎದುರಾಗಿ ಕೋರ್ಟಿಗೆ ಹೋದ ಹಲವರು ಸುಪ್ರೀಂ ಕೋರ್ಟಿನವರೆಗೂ ಹೋಗಿ ಸೋತಿದ್ದಾರೆ. ಸಾಗರ್ ದಂಡು ಪ್ರದೇಶದ ಪ್ರಕರಣದ 1999ರ ತೀರ್ಪು ವಕೀಲರಿಗೆಲ್ಲ ಗೊತ್ತಿರುವುದೇ. ಆದ್ದರಿಂದ ಜಿಎಲ್‌ಆರ್‌ನ ಒಂದು ಸಾಲು ತಪ್ಪಾಗಿದ್ದರೆ ಅದು ಕಾರಕೂನನ ಕೈತಪ್ಪು ಎಂದು ಬಿಡುವ ವಿಷಯವಲ್ಲ. ಒಂದು ಕುಟುಂಬದ ಹಕ್ಕು ಆ ಸಾಲಿನ ಮೇಲೆ ನಿಂತಿರುತ್ತದೆ.

ಲೀಸುಗಳ ಲೆಕ್ಕ ಇನ್ನೂ ತುರ್ತಿನದು. 1937ರ ನಿಯಮಗಳ ಎಂಟನೇ ಅನುಸೂಚಿಯ ಲೀಸು 30 ವರ್ಷಕ್ಕೊಮ್ಮೆ ನವೀಕರಣವಾಗುತ್ತ ಒಟ್ಟು 90 ವರ್ಷ ನಡೆಯುವಂಥದು. ಆ ನಿಯಮ ಬಂದ ಮೊದಲ ವರ್ಷಗಳಲ್ಲಿ ಕೊಟ್ಟ ಲೀಸುಗಳಿಗೆ 90 ತುಂಬುವುದು ಯಾವಾಗ ಎಂದು ಬೆರಳು ಮಡಚಿ ಎಣಿಸಿದರೆ ಸಾಕು: 2027ರಿಂದ. ವಿಲೀನದ ಗಲಾಟೆ ಮತ್ತು ಲೀಸು ಮುಗಿಯುವ ಕಾಲ ಒಟ್ಟೊಟ್ಟಿಗೇ ಬಂದು ನಿಂತಿವೆ. ನಡುವಿನ ನವೀಕರಣದ ಕಂತನ್ನೇ ತಪ್ಪಿಸಿಕೊಂಡವರೂ ಇದ್ದಾರೆ. ಅವರಲ್ಲಿ ಕೆಲವರು ಬಾಡಿಗೆ ಕಟ್ಟುತ್ತಲೇ ಇದ್ದೇವಲ್ಲ ಎಂದು ನಂಬಿ ಕೂತವರು.

ಈಗ ಮ್ಯುಟೇಷನ್ ವಿಷಯ. ಕ್ಯಾಂಪುಗಳಲ್ಲಿ ಸಾಮಾನ್ಯವಾಗಿ ಸಿಗುವ ಕಡತದ ಮಾದರಿಯೊಂದನ್ನು ಇಲ್ಲಿ ಬಿಡಿಸಿಡುತ್ತೇವೆ. ಬಜಾರಿನಲ್ಲೊಂದು ಮನೆ. ಜಿಎಲ್‌ಆರ್‌ನಲ್ಲಿ ಹಕ್ಕುದಾರರಾಗಿ ತಾತನ ಹೆಸರು. ಅವರು ತೀರಿಕೊಂಡು ದಶಕಗಳಾಗಿವೆ. ಮೂವರು ಮಕ್ಕಳು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು, ನಡುವೆ ಗೋಡೆ ಎಬ್ಬಿಸಿ, ಮುಂಭಾಗದ ಪಡಸಾಲೆಗೆ ಶಟರ್ ಹಾಕಿ ಅಂಗಡಿ ಮಾಡಿದ್ದಾರೆ. ಮನೆ ತೆರಿಗೆಯ ಪಟ್ಟಿಯಲ್ಲಿ ಎರಡನೇ ಮಗನ ಹೆಂಡತಿಯ ಹೆಸರು. ವಿದ್ಯುತ್ ಮೀಟರು ಹಳೆಯ ಬಾಡಿಗೆದಾರನ ಹೆಸರಿನಲ್ಲಿ. ಈಗ ಮೊಮ್ಮಗ ವಾರಸಾ ಹಚ್ಚಿಸಿಕೊಡಿ ಎಂದು ಮರಣ ಪತ್ರ, ವಂಶವೃಕ್ಷ, ಉಳಿದವರ ಒಪ್ಪಿಗೆ, ಜಿಎಲ್‌ಆರ್ ಉತಾರ ಎಲ್ಲ ಲಗತ್ತಿಸಿ ಅರ್ಜಿ ಕೊಡುತ್ತಾನೆ. ಸ್ಥಳ ತನಿಖೆಗೆ ಬಂದ ಓವರ್‌ಸಿಯರ್ ಮೂರು ಷರಾ ಬರೆಯುತ್ತಾರೆ: ಅನುಮತಿ ಇಲ್ಲದೆ ಜಾಗದ ವಿಭಜನೆ, ವಾಸದ ಜಾಗದಲ್ಲಿ ವ್ಯಾಪಾರ, ಅನಧಿಕೃತ ನಿರ್ಮಾಣ. ಈ ಮೂರೂ ಸರಿಯಾಗುವ ತನಕ ಹೆಸರು ಬದಲಾಗುವುದಿಲ್ಲ. ಅದನ್ನು ಸರಿಪಡಿಸಲು ಅರ್ಜಿ ಹಾಕೋಣ ಎಂದರೆ, ಅರ್ಜಿ ಹಾಕಬೇಕಾದವರು ಹಕ್ಕುದಾರರು. ದಾಖಲೆಯಲ್ಲಿ ಹಕ್ಕುದಾರರಾಗಿ ಇರುವವರು ತೀರಿಹೋದ ತಾತ.

ಕಡತ ಅಲ್ಲಿಗೆ ನಿಲ್ಲುತ್ತದೆ. ಅಧಿಕಾರಿ ಲಂಚಕೋರ ಆಗಿರಬೇಕೆಂದೇನೂ ಇಲ್ಲ, ಸೋಮಾರಿಯೂ ಆಗಬೇಕಿಲ್ಲ. ಹೆಸರು ಹಚ್ಚಿದರೆ ಅಕ್ರಮವನ್ನು ಒಪ್ಪಿಕೊಂಡಂತೆ ಆದೀತು, ನಾಳೆ ಆಡಿಟ್‌ನವರು ಕೇಳಿದರೆ ಏನು ಹೇಳುವುದು ಎಂಬ ಅಂಜಿಕೆ ಸಾಕು. ಹೀಗೆ ವಾರಸುದಾರಿಕೆ ಮತ್ತು ಅಕ್ರಮ ಕಟ್ಟಡ ಎಂಬ ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಕಡತಕ್ಕೆ ಹೊಲಿದಿದ್ದರಿಂದ ಎರಡೂ ಇತ್ಯರ್ಥವಾಗುವುದಿಲ್ಲ. ಅಕ್ರಮ ಉಳಿಯಿತು, ದಾಖಲೆಯೂ ಸತ್ತವರ ಹೆಸರಿನಲ್ಲೇ ಉಳಿಯಿತು. ಸರ್ಕಾರಕ್ಕೆ ಇದರಿಂದ ಬಂದ ಲಾಭ ಯಾವುದು?

ರಾಜ್ಯ ಸರ್ಕಾರದ ಕಡೆಯಿಂದ ನೋಡಿದರೆ ಇನ್ನೊಂದು ತೊಡಕು. ಉಪನೋಂದಣಿ ಕಚೇರಿಯ ಕಾವೇರಿ 2.0 ತಂತ್ರಾಂಶಕ್ಕೆ ಕೊಂಡಿ ಇರುವುದು ಭೂಮಿ, ಇ-ಸ್ವತ್ತು, ಇ-ಆಸ್ತಿ ಎಂಬ ರಾಜ್ಯದ ದತ್ತಾಂಶಗಳಿಗೆ. ಜಿಎಲ್‌ಆರ್ ಕೇಂದ್ರದ ಪುಸ್ತಕ. ಬಿ-3 ಜಾಗದ ಮೇಲಿನ ಕಟ್ಟಡವನ್ನು ಮಾರುವಾಗ ಪತ್ರ ಬರಹಗಾರರು ಎಂದಿನ ಮಾದರಿಯಲ್ಲಿ, ಜಾಗವೂ ಕಟ್ಟಡವೂ ಸೇರಿ ಶಾಶ್ವತವಾಗಿ ಕ್ರಯ ಮಾಡಿಕೊಟ್ಟಿದ್ದೇನೆ ಎಂದು ಬರೆದುಬಿಡುತ್ತಾರೆ. ನೋಂದಣಿಯಾಗುತ್ತದೆ, ಮುದ್ರಾಂಕ ಶುಲ್ಕವೂ ಹೋಗುತ್ತದೆ. ಕೊಂಡವರು ಮಂಡಳಿಗೆ ಹೋದರೆ ಮಾರುವ ಮುನ್ನ ಅನುಮತಿ ಪಡೆದಿಲ್ಲ, ನೆಲ ಮಾರಲು ಅವರಿಗೆ ಹಕ್ಕೇ ಇರಲಿಲ್ಲ ಎಂಬ ಉತ್ತರ. ನೋಂದಾಯಿತ ಕ್ರಯಪತ್ರ ಒಂದು ಕಡೆ, ಜಿಎಲ್‌ಆರ್ ಇನ್ನೊಂದು ಕಡೆ, ಋಣಭಾರ ಪತ್ರದಲ್ಲಿ ಮೂರನೆಯದೇ ಕಥೆ. ನಾಳೆ ಪಾಲಿಕೆಯ ಇ-ಆಸ್ತಿಗೆ ಮಾಹಿತಿ ತುಂಬಲು ಕೂರುವ ಡೇಟಾ ಎಂಟ್ರಿ ಹುಡುಗ ಮಾಲೀಕರ ಹೆಸರು ಎಂಬ ಖಾಲಿ ಚೌಕದಲ್ಲಿ ಇವುಗಳಲ್ಲಿ ಯಾವುದನ್ನು ಬರೆಯಬೇಕು? ಭಾರತ ಸರ್ಕಾರ ಎಂದು ಬರೆದರೆ ಮನೆಯವರು ಬೀದಿಗೆ. ಮನೆಯವರ ಹೆಸರು ಬರೆದರೆ ಕೇಂದ್ರದ ನೆಲ ಒಂದು ಕೀಲಿ ಒತ್ತಿದ್ದರಲ್ಲಿ ಖಾಸಗಿ.

ಸಂಖ್ಯೆಗಳ ಗೊಂದಲ ಬೇರೆ. ಒಂದೇ ಮನೆಗೆ ಜಿಎಲ್‌ಆರ್ ಸರ್ವೆ ನಂಬರೊಂದು, ತೆರಿಗೆ ಪಟ್ಟಿಯ ಮನೆ ನಂಬರೊಂದು. ಪಾಲಿಕೆಯ ಕಡೆ ಸಿಟಿಎಸ್ (ಸಿಟಿ ಸರ್ವೆ) ನಂಬರಿನ ರೂಢಿ. ವಿಸ್ತೀರ್ಣ ಬರೆಯುವ ರೀತಿಯೂ ಬೇರೆ. ನಮ್ಮ ಪಹಣಿಯಲ್ಲಿ 2-20 ಎಂದರೆ 2 ಎಕರೆ 20 ಗುಂಟೆ, ಅಂದರೆ ದಶಮಾಂಶದಲ್ಲಿ 2.50 ಎಕರೆ. ಅದನ್ನು ಹಾಗೇ 2.20 ಎಂದು ರಕ್ಷಣಾ ದಾಖಲೆಗೆ ಇಳಿಸಿದರೆ 2 ಎಕರೆ 8 ಗುಂಟೆ ಆಗುತ್ತದೆ. 12 ಗುಂಟೆ, ಅಂದರೆ 13,068 ಚದರ ಅಡಿ, ಒಂದು ಚುಕ್ಕಿಯಲ್ಲಿ ಮಾಯ. ಅತ್ತಿಂದಿತ್ತ ನಕಲು ಮಾಡುವಾಗ ಇದು ತಿರುಗುಮುರುಗಾಗಿಯೂ ಆಗುತ್ತದೆ: ಜಿಎಲ್‌ಆರ್‌ನ 0.25 ಎಕರೆಯನ್ನು 25 ಗುಂಟೆ ಎಂದು ಓದಿದರೆ, 10 ಗುಂಟೆಯ ನಿವೇಶನ ಎರಡೂವರೆ ಪಟ್ಟು ಬೆಳೆಯುತ್ತದೆ. ಒಂದು ಗುಂಟೆ ಎಂದರೆ 0.025 ಎಕರೆ ಎಂಬುದನ್ನು ಪ್ರತಿ ಮೇಜಿನ ಮೇಲೆ ಬರೆದಿಟ್ಟರೂ ತಪ್ಪಿಲ್ಲ.

ಇಲಾಖೆ ಕೆಲಸವನ್ನೇ ಮಾಡಿಲ್ಲ ಎಂದರೆ ನಾವು ಸುಳ್ಳು ಹೇಳಿದಂತೆ. 2018ರ ಅಕ್ಟೋಬರಿನಲ್ಲಿ ಶುರುವಾಗಿ ಮೂರು ವರ್ಷಗಳಲ್ಲಿ ಮುಗಿದ ದೇಶವ್ಯಾಪಿ ಸರ್ವೆಯಲ್ಲಿ 17.78 ಲಕ್ಷ ಎಕರೆ ಅಳೆದಿದ್ದೀರಿ. ಟೋಟಲ್ ಸ್ಟೇಷನ್, ಡಿಜಿಪಿಎಸ್ ಎಂಬ ಅಳತೆ ಯಂತ್ರಗಳು, ಡ್ರೋನ್, ಉಪಗ್ರಹ ಚಿತ್ರ ಎಲ್ಲ ಬಳಸಿದ್ದೀರಿ. ಸ್ವಾತಂತ್ರ್ಯದ ನಂತರ ಅಂಥದ್ದೊಂದು ಪೂರ್ತಿ ಅಳತೆ ಆಗಿದ್ದೇ ಮೊದಲು. 2021ರ ಫೆಬ್ರವರಿಯಲ್ಲಿ ದಂಡು ಪ್ರದೇಶದ ನಾಗರಿಕ ಸೇವೆಗಳಿಗೆಂದು ಇ-ಛಾವಣಿ ಪೋರ್ಟಲ್ ಬಂತು. ಅದನ್ನು ಕಟ್ಟುವುದರಲ್ಲಿ ನಮ್ಮ ಬೆಂಗಳೂರಿನ ಬಿಇಎಲ್, ಇ-ಗವ್ ಫೌಂಡೇಷನ್ ಎರಡೂ ಇದ್ದವು. ಆದರೆ ಸರ್ವೆ ಅಳೆದದ್ದು ನೆಲದ ಅಂಚನ್ನು. ಆ ಅಂಚಿನೊಳಗೆ ಯಾರ ಹಕ್ಕು ಏನು ಎಂಬುದು ಟೋಟಲ್ ಸ್ಟೇಷನ್‌ಗೆ ಕಾಣುವುದಿಲ್ಲ. ಅದಕ್ಕೆ ಕಡತ ಬಿಚ್ಚಿ, ಮನೆಯವರನ್ನು ಕೂರಿಸಿಕೊಂಡು, ಸಾಲು ಸಾಲಾಗಿ ತಾಳೆ ನೋಡುವವರು ಬೇಕು.

ವಿಲೀನದ ಅನುಭವ ಈಗಾಗಲೇ ಶುರುವಾಗಿದೆ. ಹಿಮಾಚಲದ ಯೋಲ್ 2023ರ ಏಪ್ರಿಲ್‌ನಲ್ಲಿ ದಂಡು ಪ್ರದೇಶವಾಗಿ ಉಳಿಯಲಿಲ್ಲ. 62 ಇದ್ದದ್ದು 61 ಆಯಿತು. 2024ರಲ್ಲಿ ದೇವಳಾಲಿ, ಅಜ್ಮೇರ್, ಮಥುರಾ ಮುಂತಾದ ಕಡೆಗಳಿಗೆ ಕರಡು ಅಧಿಸೂಚನೆ ಹೊರಟಿತು. ಅದೇ ವರ್ಷ ಪ್ರಕಟವಾದ ಮಾರ್ಗಸೂಚಿಯ ಪ್ರಕಾರ ನಾಗರಿಕ ಸೌಲಭ್ಯಗಳಿಗೆ ಸೇರಿದ ಆಸ್ತಿ ರಾಜ್ಯಕ್ಕೆ ಅಥವಾ ಸ್ಥಳೀಯ ಸಂಸ್ಥೆಗೆ ಉಚಿತವಾಗಿ ಹೋಗುತ್ತದೆ, ಮಂಡಳಿಯ ಆಸ್ತಿಯ ಜತೆ ಹೊಣೆಗಳೂ ಹೋಗುತ್ತವೆ, ತೆರಿಗೆ ಇನ್ನು ಅವರದು. ಆದರೆ ಅನ್ವಯಿಸುವ ಕಡೆ ನೆಲದ ಮಾಲೀಕತ್ವವನ್ನು ಭಾರತ ಸರ್ಕಾರವೇ ಉಳಿಸಿಕೊಳ್ಳುತ್ತದೆ.

ಆ ಕೊನೆಯ ವಾಕ್ಯ ಕಾಗದದ ಮೇಲೆ ಒಂದು ಸಾಲು, ಬಿ-3 ಜಾಗದ ಮನೆಯವರಿಗೆ ಇಡೀ ಬದುಕು. ನೆಲ ಕೇಂದ್ರದ್ದೇ ಆಗಿ ಉಳಿದರೆ, ಮಂಡಳಿಯೇ ಇಲ್ಲವಾದ ಮೇಲೆ ಸಿಇಒ ಬಳಿಯಿದ್ದ ಜಿಎಲ್‌ಆರ್ ಯಾರ ಕಪಾಟಿಗೆ ಹೋಗುತ್ತದೆ? ವಾರಸಾ ಅರ್ಜಿ ಯಾರಿಗೆ ಕೊಡಬೇಕು? ಕರ್ನಾಟಕ ಮತ್ತು ಗೋವಾ ವೃತ್ತದ ಡಿಇಒ ಕಚೇರಿ ಇರುವುದು ಬೆಂಗಳೂರಿನಲ್ಲಿ, ಬೆಳಗಾವಿಯಿಂದ ಸುಮಾರು 500 ಕಿಲೋಮೀಟರ್ ದೂರ. ಈಗ ಸೈಕಲ್ ಮೇಲೆ ಹೋಗಿ ವಿಚಾರಿಸಿ ಬರುವ ಕೆಲಸಕ್ಕೆ ರಾತ್ರಿ ರೈಲು ಹತ್ತಬೇಕೇ? ಕಟ್ಟಡ ಪರವಾನಗಿ ಪಾಲಿಕೆ ಕೊಟ್ಟರೂ ಭೂಮಾಲೀಕರ ನಿರಾಕ್ಷೇಪಣೆ ಬೇಕಾದೀತಲ್ಲ, ಅದನ್ನು ಕೊಡುವವರು ಯಾರು, ಎಷ್ಟು ದಿನದಲ್ಲಿ? ಇಂದಿನ ಕಂಟೋನ್ಮೆಂಟ್ ಕಾಯ್ದೆಯಲ್ಲಿ ಮಂಡಳಿ ಒಂದು ತಿಂಗಳು ಉತ್ತರಿಸದಿದ್ದರೆ ನೆನಪೋಲೆ ಕೊಟ್ಟು, ಮತ್ತೆ 15 ದಿನ ಕಾದರೆ ಪರವಾನಗಿ ಸಿಕ್ಕಂತೆ ಎಂಬ ಒಂದು ಆಸರೆಯಾದರೂ ಇದೆ. ಹೊಸ ವ್ಯವಸ್ಥೆಯಲ್ಲಿ ಡಿಇಒ ಮೌನಕ್ಕೆ ಅಂಥ ಗಡುವು ಇರುತ್ತದೆಯೇ? ಮಂಡಳಿ ಹೊರಡಿಸಿದ ತೆರವು ನೋಟಿಸುಗಳು, ಅವುಗಳ ಮೇಲೆ ಬಾಕಿ ಇರುವ ಮೇಲ್ಮನವಿಗಳು ಏನಾಗುತ್ತವೆ? ಮಂಡಳಿಯ ನೌಕರರ, ಪಿಂಚಣಿದಾರರ ಪ್ರಶ್ನೆಯೂ ಇದೆ. ಅದನ್ನು ಅವರ ಸಂಘಟನೆಗಳೇ ಎತ್ತಿವೆ, ನಾವು ಇಲ್ಲಿ ಬೆಳೆಸುವುದಿಲ್ಲ.

ಇದನ್ನೆಲ್ಲ ಕೇಳಬೇಕಾದ ಜಾಗ ಮಂಡಳಿಯ ಸಭೆ. ಅಲ್ಲಿ ಕೇಳುವವರಿಲ್ಲ. ಕೊನೆಯ ಸಾರ್ವತ್ರಿಕ ಚುನಾವಣೆ ನಡೆದದ್ದು 2015ರ ಜನವರಿಯಲ್ಲಿ. ವಿಸ್ತರಿಸಿದ ಅವಧಿಯೂ 2021ರ ಫೆಬ್ರವರಿಗೆ ಮುಗಿಯಿತು. ಅಲ್ಲಿಂದೀಚೆಗೆ 2006ರ ಕಂಟೋನ್ಮೆಂಟ್ ಕಾಯ್ದೆಯ 13ನೇ ಕಲಮಿನಡಿ ಸೇನೆಯ ಸ್ಟೇಷನ್ ಕಮಾಂಡರ್, ಸಿಇಒ ಮತ್ತು ಒಬ್ಬ ನಾಮನಿರ್ದೇಶಿತ ನಾಗರಿಕ ಸದಸ್ಯರ ಮಂಡಳಿ. 2023ರ ಏಪ್ರಿಲ್ 30ಕ್ಕೆ ಗೊತ್ತಾಗಿದ್ದ ಚುನಾವಣೆ ಮಾರ್ಚಿನಲ್ಲೇ ರದ್ದಾಯಿತು. ಬೆಳಗಾವಿಯಲ್ಲಿ 7 ವಾರ್ಡುಗಳ 7 ಸದಸ್ಯರು ಕೂರಬೇಕಾದ ಕಡೆ ಒಬ್ಬರು ಕೂತರೆ, ಆ ಒಬ್ಬರು ಎಷ್ಟೇ ಒಳ್ಳೆಯವರಾದರೂ ಏಳು ವಾರ್ಡಿನ ಜಿಎಲ್‌ಆರ್ ತಕರಾರು ಹೊತ್ತು ತರಲಾರರು. ವಿಶೇಷ ಪರಿಸ್ಥಿತಿಗೆಂದು ಇಟ್ಟ, ವರ್ಷ ವರ್ಷ ವಿಸ್ತರಿಸುವ ಕಲಮು ಹೀಗೆ ಮಾಮೂಲಿ ಆಡಳಿತವಾಗಿಬಿಟ್ಟಿದೆ.

ಅಧಿಕಾರಿಗಳ ವರ್ಗಾವಣೆಯ ಬಗ್ಗೆಯೂ ಒಂದು ಮಾತು. ಸಿಇಒ ಆಗಿ ಬಂದವರು ಎರಡು ಮೂರು ವರ್ಷದಲ್ಲಿ ಇನ್ನೊಂದು ರಾಜ್ಯಕ್ಕೆ ಹೋಗುತ್ತಾರೆ. ಅಖಿಲ ಭಾರತ ಹರವಿನ ಸೇವೆಯಲ್ಲಿ ಅದು ಸಹಜ. ಅಸಹಜವಾದದ್ದು ಚಾರ್ಜ್ ಕೊಡುವ ರೀತಿ. ಒಂದು ಪುಟದ ಚಾರ್ಜ್ ರಿಪೋರ್ಟಿಗೆ ಇಬ್ಬರೂ ಸಹಿ ಹಾಕಿದರೆ ಮುಗಿಯಿತು. ಹೊಸಬರಿಗೆ ಬೇಕಾದದ್ದು ಬಾಕಿ ಮ್ಯುಟೇಷನ್‌ಗಳ ಪಟ್ಟಿ, ಪ್ರತಿಯೊಂದೂ ಯಾವ ಆಕ್ಷೇಪಕ್ಕೆ ನಿಂತಿದೆ ಎಂಬ ಷರಾ. ಮುಂದಿನ ಐದು ವರ್ಷದಲ್ಲಿ ಮುಗಿಯುವ ಲೀಸುಗಳು ದಿನಾಂಕ ಸಮೇತ. ಕೋರ್ಟಿನ ಮುಂದಿನ ತಾರೀಕುಗಳು. 1971ರ ಸಾರ್ವಜನಿಕ ಆವರಣ ಕಾಯ್ದೆಯಡಿ ಹೊರಟು ಜಾರಿಯಾಗದ ತೆರವು ಆದೇಶಗಳು. ಬಿದ್ದುಹೋದ ಗಡಿಕಲ್ಲುಗಳ ಸಂಖ್ಯೆ. ಇವು ಹಳೆಯ ಗುಮಾಸ್ತರ ತಲೆಯಲ್ಲಿ ಇರುತ್ತವೆ. ಅವರು ನಿವೃತ್ತರಾದ ದಿನ ಕಚೇರಿಗೆ ಅರ್ಧ ಮರೆವು ಬರುತ್ತದೆ. ತೆರವು ಆದೇಶದ ಮೇಲ್ಮನವಿಗೆ ಕಾನೂನು ಕೊಡುವುದು 12 ದಿನ ಮಾತ್ರ. ಬಡವರು ಆ ಹನ್ನೆರಡು ದಿನ ತಪ್ಪಿಸಿಕೊಂಡರೆ ಹೋಯಿತು, ಇಲಾಖೆ ಮಾತ್ರ ಆದೇಶ ಜಾರಿಗೆ ಎಷ್ಟು ವರ್ಷ ಬೇಕಾದರೂ ತೆಗೆದುಕೊಳ್ಳುತ್ತದೆ.

ಬೆಂಗಳೂರಿನ ಉದಾಹರಣೆ ಕಣ್ಣ ಮುಂದೆಯೇ ಇದೆ. 1809ರಲ್ಲಿ ನೆಲೆಗೊಂಡ ಅಲ್ಲಿನ ದಂಡು 1947ರಲ್ಲಿ ಮೈಸೂರಿಗೆ ಮರಳಿ, 1949ರಲ್ಲಿ ಪೇಟೆಯ ಪುರಸಭೆಯೊಂದಿಗೆ ಸೇರಿ ನಗರ ಪಾಲಿಕೆಯಾಯಿತು. ಆದರೆ ಹಲಸೂರು, ಅಗರ, ಈಜಿಪುರದ ಕಡೆ ಇಂದಿಗೂ ರಸ್ತೆ ಅಗಲ ಮಾಡಬೇಕೆಂದರೆ ರಕ್ಷಣಾ ನೆಲ ಎಲ್ಲಿ ಮುಗಿಯುತ್ತದೆ, ಪಾಲಿಕೆಯದು ಎಲ್ಲಿ ಶುರುವಾಗುತ್ತದೆ, ಬದಲಿಗೆ ಎಷ್ಟು ಬೆಲೆಯ ಭೂಮಿ ಅಥವಾ ಕಟ್ಟಡ ಕೊಡಬೇಕು ಎಂಬ ಪತ್ರ ವ್ಯವಹಾರ ವರ್ಷಗಟ್ಟಲೆ. ಬೆಳಗಾವಿಗೂ ಆ ಗತಿ ಬರಬೇಕಿಲ್ಲ.

ನಮ್ಮ ಬೇಡಿಕೆಗಳು ಹಣ ಬೇಡುವಂಥವಲ್ಲ, ಬಹುಪಾಲು ತಮ್ಮ ಒಂದು ಸುತ್ತೋಲೆಯಿಂದ ಆಗುವಂಥವು.

ಅಂತಿಮ ಅಧಿಸೂಚನೆಗೆ ಮುಂಚೆ ವಾರ್ಡುವಾರು ಜಿಎಲ್‌ಆರ್ ಉತಾರಗಳನ್ನು ಮಂಡಳಿ ಕಚೇರಿಯ ಗೋಡೆಗೆ ಅಂಟಿಸಿ, ಪೋರ್ಟಲಿನಲ್ಲೂ ಹಾಕಿ. ಕನ್ನಡದಲ್ಲಿ ಇರಲಿ, ಕ್ಯಾಂಪಿನಲ್ಲಿ ಮರಾಠಿ, ಉರ್ದು ಓದುವವರೂ ಇದ್ದಾರೆ, ಅವರಿಗೂ ಅರ್ಥವಾಗುವ ವಿವರಣೆ ಜತೆಗಿರಲಿ. ಗಡಿ ಬದಲಾವಣೆಯ ಕರಡಿಗೆ ಕಾಯ್ದೆ ಕೊಡುವ ಎಂಟು ವಾರಗಳ ಆಕ್ಷೇಪಣೆ ಅವಧಿ ಇದಕ್ಕೆ ಸಾಲದು, ಏಕೆಂದರೆ ವಂಶವೃಕ್ಷ ಮಾಡಿಸಿ ತರುವುದಕ್ಕೇ ಅಷ್ಟು ದಿನ ಹಿಡಿಯುತ್ತದೆ. ಕನಿಷ್ಠ ಆರು ತಿಂಗಳು ಕೊಡಿ.

ವಾರಸಾ ಪ್ರಕರಣಗಳನ್ನು ಕಟ್ಟಡ ಉಲ್ಲಂಘನೆಯಿಂದ ಬಿಡಿಸಿ. ರಾಜ್ಯದ ಕಂದಾಯ ಇಲಾಖೆ ಪೌತಿ ಖಾತೆ ಅಭಿಯಾನ ನಡೆಸುತ್ತದಲ್ಲ, ಅದೇ ಬಗೆಯಲ್ಲಿ ಕ್ಯಾಂಪಿನೊಳಗೇ ಅದಾಲತ್ ಇಟ್ಟು, ಸತ್ತವರ ಜಾಗಕ್ಕೆ ಎಲ್ಲ ವಾರಸುದಾರರ ಹೆಸರನ್ನು ಜಂಟಿಯಾಗಿ ಹಚ್ಚಿ. ಇದರಿಂದ ಅನಧಿಕೃತ ಕಟ್ಟಡವಾಗಲೀ ವಿಭಜನೆಯಾಗಲೀ ಸಕ್ರಮವಾಗುವುದಿಲ್ಲ ಎಂಬ ಷರಾ ಅದೇ ಸಾಲಿನಲ್ಲಿ ಇರಲಿ. ಸರ್ಕಾರದ ಹಕ್ಕು ಒಂದಿಂಚೂ ಕದಲುವುದಿಲ್ಲ. ನೋಟಿಸು ಕೊಡುವುದಕ್ಕಾದರೂ ಬದುಕಿರುವ ಒಬ್ಬರು ಸಿಗುತ್ತಾರೆ.

ಜಿಎಲ್‌ಆರ್ ಸರ್ವೆ ನಂಬರು, ಮನೆ ನಂಬರು, ಹೊಸದಾಗಿ ಬರುವ ಸಿಟಿಎಸ್ ಅಥವಾ ಇ-ಆಸ್ತಿ ನಂಬರು, ವಿಸ್ತೀರ್ಣ ಎಕರೆ ದಶಮಾಂಶ, ಗುಂಟೆ ಮತ್ತು ಚದರ ಮೀಟರಿನಲ್ಲಿ: ಇಷ್ಟಿರುವ ತಾಳೆಪಟ್ಟಿಯನ್ನು ಡಿಇಒ ಕಚೇರಿ, ಪಾಲಿಕೆ ಮತ್ತು ರಾಜ್ಯದ ಭೂದಾಖಲೆಗಳ ಉಪನಿರ್ದೇಶಕರ ಕಚೇರಿ ಮೂವರೂ ಸಹಿ ಮಾಡಿ ಪ್ರಕಟಿಸಲಿ. ಆ ಸಹಿ ಬೀಳುವ ತನಕ ಇ-ಆಸ್ತಿಗೆ ಒಂದು ಸಾಲೂ ತುಂಬಬಾರದು. ಸೇನಾ ಭಾಗದ ಹೊಸ ಗಡಿಕಲ್ಲುಗಳನ್ನು ಜಂಟಿ ಸರ್ವೆಯ ದಿನವೇ, ಅಕ್ಕಪಕ್ಕದವರ ಎದುರಿಗೆ ನೆಡಲಿ.

ವಿಲೀನದ ನಂತರವೂ ಬಿ-3 ಜಾಗಗಳ ಕೆಲಸಕ್ಕೆ ಡಿಇಒ ಅವರ ಉಪಕಚೇರಿ ಬೆಳಗಾವಿಯಲ್ಲೇ ಇರಲಿ, ಮ್ಯುಟೇಷನ್‌ಗೂ ನಿರಾಕ್ಷೇಪಣೆಗೂ ದಿನಗಳ ಗಡುವು ಬರಹದಲ್ಲಿ ಇರಲಿ. 2027ರಿಂದ ಮುಗಿಯುವ ಲೀಸುಗಳ ಪಟ್ಟಿಯನ್ನು ಈಗಲೇ ತಯಾರಿಸಿ, ಲೀಸುದಾರರಿಗೆ ಮುಂಚಿತವಾಗಿ ನೋಟಿಸು ಕೊಟ್ಟು, ನವೀಕರಣದ ನೀತಿ ಏನೆಂದು ಒಂದು ಪುಟದಲ್ಲಿ ಹೇಳಿ.

ದೆಹಲಿಯ ತಮ್ಮ ರಾಷ್ಟ್ರೀಯ ತರಬೇತಿ ಸಂಸ್ಥೆಯಲ್ಲಿ ಹೊಸ ಅಧಿಕಾರಿಗಳಿಗೆ ಜಿಎಲ್‌ಆರ್ ಕಲಿಸುತ್ತೀರಿ, ಗೊತ್ತು. ಅದರ ಜತೆಗೆ ಅವರು ಕೆಲಸ ಮಾಡುವ ರಾಜ್ಯದ ಭೂದಾಖಲೆಯನ್ನೂ ಒಂದು ತಿಂಗಳು ಕಲಿಸಿ. ಕರ್ನಾಟಕಕ್ಕೆ ಬರುವವರು ಪಹಣಿಯ 9ನೇ ಕಾಲಂನಲ್ಲಿ ಮಾಲೀಕರು, 11ರಲ್ಲಿ ಹಕ್ಕು ಮತ್ತು ಋಣ ಎಂಬುದನ್ನು ಓದಲು ಬರುವಷ್ಟಾದರೂ ಕನ್ನಡ ಕಲಿತು ಬರಲಿ. ದಂಡು ಪ್ರದೇಶದ ಹೊರಗೆ ಹಿಂದೆಂದೋ ಸ್ವಾಧೀನವಾಗಿ ಅವಾರ್ಡ್ (ಪರಿಹಾರದ ಆದೇಶ) ಆದರೂ, ಪಹಣಿಯಲ್ಲಿ ರೈತನ ಹೆಸರೇ ಉಳಿದ ಜಮೀನು ಹಾಗೆ ಓದುವವರ ಕಣ್ಣಿಗೆ ಮಾತ್ರ ಬೀಳುತ್ತದೆ. ಚಾರ್ಜ್ ಒಪ್ಪಿಸುವಾಗ ಮೇಲೆ ಹೇಳಿದ ಐದೂ ಪಟ್ಟಿಗಳು ಕಡ್ಡಾಯ ಎಂದು ಆದೇಶ ಮಾಡಿ.

ಮಂಡಳಿಗೆ ಚುನಾವಣೆ ನಡೆಸುವುದು ತಮ್ಮೊಬ್ಬರ ಕೈಯಲ್ಲಿಲ್ಲ ಎಂಬುದು ಗೊತ್ತು. ಅದು ಆಗುವ ತನಕ ವಾರ್ಡಿಗೆ ಇಬ್ಬರಂತೆ ನಿವಾಸಿಗಳಿರುವ ದಾಖಲೆ ಪರಿಶೀಲನಾ ಸಮಿತಿಯನ್ನಾದರೂ ಮಾಡಿ, ಅದರ ನಡಾವಳಿಯನ್ನು ಪ್ರಕಟಿಸಿ.

ಈ ಪತ್ರಕ್ಕೆ ಉತ್ತರವನ್ನು ನಮಗೆ ಖಾಸಗಿಯಾಗಿ ಕಳಿಸುವ ಅಗತ್ಯವಿಲ್ಲ. ಸಿಇಒ ಕಚೇರಿಯ ಮತ್ತು ಬೆಳಗಾವಿ ಮಹಾನಗರ ಪಾಲಿಕೆಯ ಸೂಚನಾ ಫಲಕಗಳಲ್ಲಿ ಹಾಕಿಸಿ. ಜಿಎಲ್‌ಆರ್ ಪುಸ್ತಕ ವಿಲೀನದ ನಂತರ ಯಾವ ಕಚೇರಿಯಲ್ಲಿ ಇರುತ್ತದೆ ಎಂಬ ಒಂದು ಪ್ರಶ್ನೆಗೆ ಉತ್ತರ ಮೊದಲು ಬರಲಿ, ಉಳಿದವಕ್ಕೆ ನಾವು ಕಾಯುತ್ತೇವೆ.

ತಮ್ಮ ವಿಶ್ವಾಸಿಗಳು,
ಬೆಳಗಾವಿ ಕ್ಯಾಂಪಿನ ಕೆಲವು ನಿವಾಸಿಗಳು, ವಕೀಲರು ಮತ್ತು ಸರ್ವೆ ಕೆಲಸದವರು

ಪ್ರತಿ: ಪ್ರಧಾನ ನಿರ್ದೇಶಕರು, ರಕ್ಷಣಾ ಆಸ್ತಿಗಳು, ದಕ್ಷಿಣ ಕಮಾಂಡ್, ಪುಣೆ, ಆಯುಕ್ತರು, ಮಹಾನಗರ ಪಾಲಿಕೆ, ಬೆಳಗಾವಿ